ಎಲ್ಲ ಕಾಲಕ್ಕೂ ಸಲ್ಲುವ ಸ್ತುತಿ

ಸಂತ ಫ್ರಾನ್ಸಿಸ್ ಅಸ್ಸಿಸಿಯವರ 'ಸೃಷ್ಟಿಗೀತೆ'ಯ ಹೆಸರು ಕೇಳದ ಕಥೋಲಿಕರು ವಿರಳ. ಸೂರ್ಯನನ್ನು ಸಹೋದರನೆಂದೂ ಚಂದ್ರನನ್ನು ಸಹೋದರಿಯೆಂದೂ ಕರೆಯುವ ಈ ಪುಟ್ಟ ಕೃತಿಯನ್ನು ಪ್ರಾರ್ಥನಾ ಪುಸ್ತಕಗಳಲ್ಲಿ, ಶಾಲೆಯ ಗೋಡೆಗಳ ಮೇಲೆ, ಪರಿಸರ ದಿನದ ಭಾಷಣಗಳಲ್ಲಿ ನೀವು ಕಂಡಿರುತ್ತೀರಿ. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ವಿಶ್ವಪತ್ರಕ್ಕೆ 'ಲೌದಾತೊ ಸೀ' ಎಂಬ ಶೀರ್ಷಿಕೆ ದೊರೆತದ್ದೂ ಇದರಿಂದಲೇ. ಇಷ್ಟು ಪರಿಚಿತವಾದ ಕೃತಿಗೆ ಒದಗುವ ಗತಿಯೆಂದರೆ, ಅದನ್ನು ಯಾರೂ ಓದುವುದಿಲ್ಲ. ಹಕ್ಕಿಗಳ ನಡುವೆ ನಿಂತ ಸಂತರ ಪ್ರತಿಮೆ ನಮ್ಮ ಕಣ್ಣಿಗೆ ಕಟ್ಟಿರುವುದರಿಂದ ಗೀತೆಯಲ್ಲಿಯೂ ಹಕ್ಕಿಗಳಿರಬೇಕೆಂದು ಭಾವಿಸುತ್ತೇವೆ. ಅಲ್ಲಿ ಒಂದು ಹಕ್ಕಿಯೂ ಇಲ್ಲ, ಒಂದು ಪ್ರಾಣಿಯೂ ಇಲ್ಲ. (ಸಂತರ ಹೆಸರಿನಲ್ಲಿ ಇನ್ನೂ ಹೆಚ್ಚು ಪ್ರಚಾರ ಪಡೆದ ಶಾಂತಿಯ ಪ್ರಾರ್ಥನೆಯಂತೂ ಅವರ ರಚನೆಯೇ ಅಲ್ಲ, ಅದು 1912ರಲ್ಲಿ ಫ್ರಾನ್ಸಿನ ಒಂದು ಸಣ್ಣ ಪತ್ರಿಕೆಯಲ್ಲಿ ಮೊದಲು ಅಚ್ಚಾಯಿತು. ಆ ವಿಚಾರ ಇಲ್ಲಿರಲಿ.)

ಗೀತೆ ಹುಟ್ಟಿದ ಸಂದರ್ಭವನ್ನು ಸಂತರ ಒಡನಾಡಿಗಳ ನೆನಪುಗಳು ಉಳಿಸಿಕೊಟ್ಟಿವೆ. 1224ರ ಸೆಪ್ಟೆಂಬರ್‌ನಲ್ಲಿ ಲಾ ವೆರ್ನ ಬೆಟ್ಟದಲ್ಲಿ ಪಂಚಗಾಯಗಳನ್ನು ಪಡೆದ ಫ್ರಾನ್ಸಿಸರು ತರುವಾಯ ಅಸ್ಸಿಸಿಯ ಹೊರಗಿನ ಸಾನ್ ದಾಮಿಯಾನೊದಲ್ಲಿ ಕಾಯಿಲೆಬಿದ್ದು ಮಲಗಿದ್ದರು. ದೃಷ್ಟಿ ಬಹುಮಟ್ಟಿಗೆ ಹೋಗಿತ್ತು. ಐವತ್ತಕ್ಕೂ ಹೆಚ್ಚು ದಿನ ಅವರಿಗೆ ಹಗಲಿನಲ್ಲಿ ಸೂರ್ಯನ ಬೆಳಕನ್ನಾಗಲಿ ರಾತ್ರಿಯಲ್ಲಿ ಬೆಂಕಿಯ ಬೆಳಕನ್ನಾಗಲಿ ಸಹಿಸಲಾಗಲಿಲ್ಲ. ಇಲಿಗಳು ಮೈಮೇಲೆ ಹರಿದಾಡಿ ನಿದ್ದೆ ಕೆಡಿಸುತ್ತಿದ್ದವು, ಊಟದ ವೇಳೆಗೂ ಬಿಡುತ್ತಿರಲಿಲ್ಲ. ಅಂಥ ಒಂದು ರಾತ್ರಿಯ ಮರುದಿನ ಅವರು ಲತೀನಿನಲ್ಲಿ ಅಲ್ಲ, ಉಂಬ್ರಿಯದ ಆಡುಮಾತಿನಲ್ಲಿ ಈ ಗೀತೆಯನ್ನು ಹೇಳಿದರು. ಮೊದಲು ಹೊಗಳಿದ್ದು ಸೂರ್ಯನನ್ನು. ಅನಂತರ ಬೆಂಕಿಯನ್ನೂ ಹೊಗಳಿದರು. ಯಾವ ಬೆಳಕು ಕಣ್ಣನ್ನು ಇರಿಯುತ್ತಿತ್ತೋ ಅದೇ ಬೆಳಕಿಗೆ ಅವರು 'ಒಡೆಯ' ಎಂಬ ಗೌರವಪದವನ್ನು ಸೇರಿಸಿ ಸಹೋದರನೆಂದರು. ಇಷ್ಟನ್ನು ತಿಳಿದ ಮೇಲೆ ಗೀತೆಯನ್ನು ಮುಂಜಾನೆಯ ವಾಯುವಿಹಾರದ ಉಲ್ಲಾಸವೆಂದು ಓದುವುದು ಸಾಧ್ಯವಿಲ್ಲ.

ಇದರ ಪೂರ್ವಜ ಧರ್ಮಗ್ರಂಥದಲ್ಲಿಯೇ ಇದೆ. ದಾನಿಯೇಲನ ಗ್ರಂಥದ ಮೂರನೆಯ ಅಧ್ಯಾಯದಲ್ಲಿ ಉರಿಯುವ ಕುಲುಮೆಯೊಳಗಿನಿಂದ ಮೂವರು ಯುವಕರು ಹಾಡುವ ಸ್ತುತಿಯನ್ನು ನಾವು ಗುರುಗಳು ಭಾನುವಾರದ ಪ್ರಾತಃಪ್ರಾರ್ಥನೆಯಲ್ಲಿ ಪಠಿಸುತ್ತೇವೆ. ಅವರು ಚಳಿಯನ್ನೂ ಸೆಕೆಯನ್ನೂ ಇಬ್ಬನಿಯನ್ನೂ ಹಿಮವನ್ನೂ ದೇವರ ಸ್ತುತಿಗೆ ಕರೆಯುತ್ತಾರೆ. ಬೆಂಕಿಯ ನಡುವೆ ನಿಂತವರಿಗೆ ಬೆಂಕಿಯೂ ದೇವರ ಸೃಷ್ಟಿಯೆಂಬುದು ಮರೆತಿಲ್ಲ.

ಫ್ರಾನ್ಸಿಸರ ಗೀತೆಯಲ್ಲಿ ನನ್ನನ್ನು ಹೆಚ್ಚು ಕಾಲ ಹಿಡಿದಿಟ್ಟದ್ದು ಗಾಳಿಯ ಚರಣ. ಗಾಳಿಯ ಜತೆಗೆ ಮೋಡ ಕವಿದ ಆಕಾಶವೂ ತಿಳಿಯಾದ ಆಕಾಶವೂ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಕೊನೆಗೆ 'ಒನ್ಯೆ ತೆಂಪೊ' ಎಂಬ ಮಾತು. 'ತೆಂಪೊ' ಎಂದರೆ ಹವೆಯೂ ಹೌದು, ಸಮಯವೂ ಹೌದು. ಇಂಗ್ಲಿಷಿನ ಅನುವಾದಕರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕಾಗುತ್ತದೆ. ಕನ್ನಡಕ್ಕೆ ಆ ಬಡತನವಿಲ್ಲ. ಮಳೆಗಾಲ, ಚಳಿಗಾಲ, ಕಷ್ಟಕಾಲ, ಸುಗ್ಗಿಯ ಕಾಲ ಎಲ್ಲವನ್ನೂ ನಮ್ಮ 'ಕಾಲ' ಹೊರುತ್ತದೆ. ಹೀಗಿದ್ದೂ ನಮ್ಮವರು 'ಹವಾಮಾನ' ಎಂದು ಬರೆದರೆ ಆಕಾಶವಾಣಿಯ ವರದಿ ಕೇಳಿದಂತಾಗುತ್ತದೆ. 'ಸಹೋದರಿ ಜಲ' ಎಂಬುದೂ ಅಷ್ಟೆ, ಕನ್ಯಾಮಠದ ಭಗಿನಿಯೊಬ್ಬರ ಹೆಸರಿನಂತಿದೆ. ಅಕ್ಕ ಎನ್ನಬೇಕೇ, ತಂಗಿ ಎನ್ನಬೇಕೇ? ಮೂಲ ಅದನ್ನು ಹೇಳುವುದಿಲ್ಲ. ಕನ್ನಡ ಹೇಳಲೇಬೇಕೆಂದು ಒತ್ತಾಯಿಸುತ್ತದೆ.

ಇನ್ನೂ ಚಿಕ್ಕದೊಂದು ಪದದ ಮೇಲೆ ವಿದ್ವಾಂಸರ ಚರ್ಚೆ ನಡೆದಿದೆ: 'ಪೆರ್'. ಸೂರ್ಯ, ನೀರು, ಗಾಳಿಗಳ 'ನಿಮಿತ್ತ' ದೇವರಿಗೆ ಸ್ತುತಿಯೇ, ಅವುಗಳ 'ಮೂಲಕ' ಸ್ತುತಿಯೇ, ಅವು 'ತಾವೇ' ಮಾಡುವ ಸ್ತುತಿಯೇ? ಭಾಷೆಯ ದೃಷ್ಟಿಯಿಂದ ಮೂರೂ ಸಾಧ್ಯ. ನಮ್ಮ ಭಕ್ತಿಯ ರೂಢಿ ಮಾತ್ರ ಮೊದಲನೆಯದನ್ನೇ ಹಿಡಿದಿದೆ. ಕೃತಜ್ಞತಾ ಬಲಿಪೂಜೆಗೆಂದು ನಮ್ಮ ಬಳಿ ಬರುವವರು ಯಾವುದಕ್ಕಾಗಿ ಎಂದು ಬರೆಸುತ್ತಾರೆ? ಕೆಲಸ ಸಿಕ್ಕಿತು, ವೀಸಾ ಬಂತು, ಮಗು ಹುಟ್ಟಿತು, ಶಸ್ತ್ರಚಿಕಿತ್ಸೆ ಸುಸೂತ್ರವಾಯಿತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಲೆಕ್ಕದ ಪುಸ್ತಕದಂತಹ ಈ ಕೃತಜ್ಞತೆ, ಬರುವುದು ನಿಂತಾಗ ತಾನೂ ನಿಲ್ಲುತ್ತದೆ. ನಮ್ಮ ಕರಾವಳಿಯ ಹಿರಿಯರಿಗೆ ಬೇರೊಂದು ಕ್ರಮ ತಿಳಿದಿತ್ತು. ಸೆಪ್ಟೆಂಬರ್ 8ರ ಮೊಂತಿ ಹಬ್ಬದಲ್ಲಿ ಆಶೀರ್ವದಿಸುವುದು ಹೊಸ ತೆನೆಯನ್ನು. ಮಳೆ ಇನ್ನೂ ಪೂರ್ತಿ ಹಿಂದೆಗೆದಿರುವುದಿಲ್ಲ, ಕಣಜಕ್ಕೆ ಎಷ್ಟು ಬಂತೆಂದು ಅಳೆದಿರುವುದಿಲ್ಲ. ಅಳತೆಗೆ ಮೊದಲೇ ವಂದನೆ.

ಇಲ್ಲಿ ನೀವು ಒಂದು ಆಕ್ಷೇಪವನ್ನು ಎತ್ತಬಹುದು, ಎತ್ತಬೇಕು ಕೂಡ. 2009ರ ಅಕ್ಟೋಬರ್ ಆರಂಭದಲ್ಲಿ ಉತ್ತರ ಕರ್ನಾಟಕದ ಊರುಗಳನ್ನು ಮುಳುಗಿಸಿದ್ದೂ ಮಳೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳನ್ನು ಕುಸಿಯುವಂತೆ ಮಾಡಿದ್ದೂ ಮಳೆ. ಎಲ್ಲ ಕಾಲವೂ ಜೀವಿಗಳಿಗೆ ಆಹಾರ ನೀಡುತ್ತದೆಂಬ ಗೀತೆಯ ಮಾತನ್ನು ಮನೆಮಠ ಕಳೆದುಕೊಂಡವರ ಮುಂದೆ ಓದಲಾದೀತೇ? ನೀರನ್ನು ವಿನಮ್ರಳು, ಉಪಕಾರಿ ಎಂದು ಕರೆಯುವ ಚರಣಕ್ಕೆ ಪ್ರವಾಹದ ಪರಿವೆ ಇಲ್ಲವೆಂಬುದು ನಿಜ. ಸೃಷ್ಟಿಯ ಚರಣಗಳಷ್ಟೇ ಇದ್ದಿದ್ದರೆ ಗೀತೆ ಅರ್ಧಸತ್ಯವಾಗಿಯೇ ಉಳಿಯುತ್ತಿತ್ತು ಎಂಬುದು ನನ್ನ ಎಣಿಕೆ.

ಆದರೆ ಅದು ಅಲ್ಲಿಗೆ ನಿಲ್ಲಲಿಲ್ಲ. ಅಸ್ಸಿಸಿಯ ಧರ್ಮಾಧ್ಯಕ್ಷರಿಗೂ ನಗರಾಧಿಕಾರಿಗೂ ಜಗಳವಾಗಿ, ಇವರು ಅವನನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಅವನು ಇವರೊಡನೆ ಯಾರೂ ಕೊಡುಕೊಳ್ಳುವ ವ್ಯವಹಾರ ಮಾಡಬಾರದೆಂದು ಸಾರಿಸಿದ. ಆಗ ಫ್ರಾನ್ಸಿಸರು ಹೊಸ ಚರಣವೊಂದನ್ನು ಸೇರಿಸಿ ಇಬ್ಬರ ಮುಂದೆಯೂ ಹಾಡಿಸಿದರು, ಅವರು ರಾಜಿಯಾದರು. ಈ ಚರಣದಲ್ಲಿ ಸ್ತುತಿಯೊಳಗೆ ಮನುಷ್ಯರು ಬರುತ್ತಾರೆ: ದೇವರ ಪ್ರೀತಿಗಾಗಿ ಕ್ಷಮಿಸುವವರು, ರೋಗವನ್ನೂ ಸಂಕಟವನ್ನೂ ತಾಳಿಕೊಳ್ಳುವವರು. ಪದಗಳ ಆಯ್ಕೆಯನ್ನು ಗಮನಿಸಿ. ಗಾಳಿ ಸಹೋದರ, ನೀರು ಸಹೋದರಿ. ರೋಗಕ್ಕಾಗಲಿ ಜಗಳಕ್ಕಾಗಲಿ ಈ ಗೀತೆಯಲ್ಲಿ ಬಂಧುತ್ವದ ಹೆಸರಿಲ್ಲ. ಅವುಗಳಿಗಾಗಿ ವಂದಿಸಿರೆಂದು ಫ್ರಾನ್ಸಿಸರು ಕೇಳುವುದಿಲ್ಲ. ಸ್ತುತಿ ಸಲ್ಲುವುದು ತಾಳಿಕೊಂಡ ಮನುಷ್ಯರ ಮೂಲಕ. ಸಾವಿನ ಮನೆಯಲ್ಲಿ ನಿಂತು 'ಇದೂ ದೇವರ ಕೊಡುಗೆ, ವಂದನೆ ಹೇಳಿ' ಎಂದು ಬೋಧಿಸುವ ನಮ್ಮ ಕೆಲವು ಪ್ರಸಂಗಗಳಿಗೆ ಈ ಗೀತೆಯ ಬೆಂಬಲ ದೊರೆಯದು.

ಹಾಗಾದರೆ ಮರಣವನ್ನು ಸಹೋದರಿ ಎಂದದ್ದೇಕೆ? ಅದು ಕೊನೆಯದಾಗಿ ಸೇರಿದ ಚರಣ. ಇನ್ನು ಹೆಚ್ಚು ದಿನವಿಲ್ಲವೆಂದು ವೈದ್ಯನು ತಿಳಿಸಿದಾಗ ಫ್ರಾನ್ಸಿಸರು ಮರಣವನ್ನು ಸ್ವಾಗತಿಸಿ, ಸಹೋದರರಾದ ಲಿಯೊ ಮತ್ತು ಆಂಜೆಲೊ ಅವರನ್ನು ಕರೆದು ಗೀತೆಯನ್ನು ಹಾಡಿಸಿದರು. ಇಟಾಲಿಯನ್ ವ್ಯಾಕರಣದಲ್ಲಿ ಮರಣ ಸ್ತ್ರೀಲಿಂಗ. ನಮ್ಮಲ್ಲಿ ಅದು ಪಾಶ ಹಿಡಿದ ಪುರುಷ. 'ಕಾಲ' ಎಂಬುದು ಅವನ ಹೆಸರೂ ಹೌದು, ಸತ್ತವರನ್ನು 'ಕಾಲವಾದರು' ಎನ್ನುತ್ತೇವೆ. ಋತುವಿಗೂ ಸಾವಿಗೂ ಒಂದೇ ಪದವಿರುವ ನುಡಿಯಲ್ಲಿ ಗಾಳಿಯ ಚರಣ ಮತ್ತು ಮರಣದ ಚರಣ ತಾವಾಗಿಯೇ ಹತ್ತಿರ ಬರುತ್ತವೆ. ಮೂಲದಲ್ಲಿ ಇಲ್ಲದ ಈ ಲಾಭವನ್ನು ಕನ್ನಡದ ಅನುವಾದಕ ಬಿಟ್ಟುಕೊಡಬಾರದು.

ಆ ಹಾಡಿನ ರಾಗ ನಮಗೆ ಉಳಿದಿಲ್ಲ. ಅಸ್ಸಿಸಿಯ ಹಳೆಯ ಹಸ್ತಪ್ರತಿಯಲ್ಲಿ ಸ್ವರಲಿಪಿಗೆಂದು ಬಿಟ್ಟ ಜಾಗ ಖಾಲಿಯಾಗಿಯೇ ಇದೆ. ಸಾಯುವವನ ಕೋಣೆಯಿಂದ ಹಗಲಿರುಳು ಹಾಡು ಕೇಳಿಬರುವುದು ಸಹೋದರ ಎಲಿಯಾಸರಿಗೆ ಮುಜುಗರವಾಯಿತಂತೆ. ಈತನನ್ನು ಸಂತನೆಂದು ನಂಬಿರುವ ಜನ ಏನೆಂದುಕೊಂಡಾರು, ಸಾವಿನ ಚಿಂತೆ ಮಾಡಬೇಕಲ್ಲವೇ ಎಂದು ಅವರು ತಿಳಿಹೇಳಿದರು. ಫ್ರಾನ್ಸಿಸರು ಹಾಡನ್ನು ನಿಲ್ಲಿಸಲು ಒಪ್ಪಲಿಲ್ಲ. 1226ರ ಅಕ್ಟೋಬರ್ 3ರ ಸಂಜೆ ಅವರು ತೀರಿಕೊಂಡರು.