ಬೆವರು ಅಳತೆಗೋಲಲ್ಲ: ಸೈಕಲ್ ಸವಾರನಿಗೆ ಜಿಮ್ ಎಷ್ಟು ಬೇಕು?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳ ಜಾತ್ರೆಗಳಲ್ಲಿ ಕುಸ್ತಿ, ಎತ್ತಿನ ಗಾಡಿಯ ಶರ್ಯತ್ತು, ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುವುದುಂಟು. ಕಬ್ಬಿನ ಗದ್ದೆಗಳ ನಡುವಿನ ರಸ್ತೆಯಲ್ಲಿ ಬೆಳಗಿನ ಜಾವ ಸೈಕಲ್ ತುಳಿಯುವ ಹುಡುಗ ಹುಡುಗಿಯರಿಗೆ ಇದು ಬರೀ ಮೋಜಲ್ಲ. ಕ್ರೀಡಾ ವಸತಿ ನಿಲಯದ ಸೀಟು, ಮುಂದೆ ಕ್ರೀಡಾ ಮೀಸಲಾತಿಯ ನೌಕರಿ ಇದರ ಹಿಂದಿರುವ ಆಸೆಗಳು.

ಈಗ ಅವರ ಮುಂದೆ ಹೊಸದೊಂದು ಸಲಹೆ ಬಂದಿದೆ. ‘ಎರಡು ಗಂಟೆ ಸೈಕಲ್ ಯಾಕೆ ತುಳಿಯುತ್ತೀರಿ? ಜಿಮ್‌ನಲ್ಲಿ ಇಪ್ಪತ್ತು ನಿಮಿಷ ತೀವ್ರ ವ್ಯಾಯಾಮ ಮಾಡಿ, ಅಷ್ಟೇ ಫಲ’ ಎಂಬುದು ಅದರ ಸಾರ. ಪೆಟ್ಟಿಗೆಯ ಮೇಲೆ ಜಿಗಿಯುವುದು, ದಪ್ಪ ಹಗ್ಗ ಬಡಿಯುವುದು, ಕೆಟಲ್‌ಬೆಲ್ ಬೀಸುವುದು, ಬರ್ಪಿ, ಎಲ್ಲವನ್ನೂ ಬಿಡುವಿಲ್ಲದೆ ಮಾಡಿಸುತ್ತಾರೆ. ಬೆವರು ಧಾರಾಕಾರ, ಎದೆಬಡಿತ 170. ‘ಸರ್, ಇದು ನಿಜವೇ?’ ಎಂದು ವಿದ್ಯಾರ್ಥಿಯೊಬ್ಬ ನನ್ನನ್ನು ಕೇಳಿದ. ಈ ಲೇಖನ ಅವನಿಗೆ ಕೊಟ್ಟ ಉತ್ತರದ ವಿಸ್ತರಣೆ.

ಪೆಡಲಿನ ಲೆಕ್ಕ

ಆಡುಮಾತಿನಲ್ಲಿ ಬಲ, ಶಕ್ತಿ, ಸಾಮರ್ಥ್ಯ ಮೂರೂ ಒಂದೇ. ಭೌತವಿಜ್ಞಾನದಲ್ಲಿ ಹಾಗಲ್ಲ. ಗೊಂದಲ ಶುರುವಾಗುವುದೇ ಇಲ್ಲಿ. ಸಂಗ್ರಾಣಿ ಕಲ್ಲನ್ನು ಒಮ್ಮೆ ಎತ್ತಲು ದೊಡ್ಡ ಬಲ ಬೇಕು. ಸೈಕಲ್ ಸವಾರನಿಗೆ ಬೇಕಾದದ್ದು ಸಾಮರ್ಥ್ಯ, ಅಂದರೆ ಪ್ರತಿ ಸೆಕೆಂಡಿಗೆ ಮಾಡುವ ಕೆಲಸ. ಅದೂ ಗಂಟೆಗಟ್ಟಲೆ.

ಒಬ್ಬ ಸವಾರ 250 ವಾಟ್ ಸಾಮರ್ಥ್ಯದಲ್ಲಿ, ನಿಮಿಷಕ್ಕೆ 90 ಸುತ್ತು ಪೆಡಲ್ ತುಳಿಯುತ್ತಿದ್ದಾನೆ ಎನ್ನೋಣ. ಕೋನವೇಗ ಸೆಕೆಂಡಿಗೆ ಸುಮಾರು 9.4 ರೇಡಿಯನ್. ಪೆಡಲಿನ ಕ್ರ್ಯಾಂಕ್ 17 ಸೆಂಟಿಮೀಟರ್ ಉದ್ದವಿದ್ದರೆ, ತಿರುಗಿಸುವ ದಿಕ್ಕಿನಲ್ಲಿ ಬೇಕಾಗುವ ಸರಾಸರಿ ಬಲ ಸುಮಾರು 156 ನ್ಯೂಟನ್. ಇದು 16 ಕಿಲೋಗ್ರಾಂ ತೂಕಕ್ಕೆ ಸಮ, ಒಂದು ಕೊಡ ನೀರಿನಷ್ಟೇ! ಆರೋಗ್ಯವಂತ ಹುಡುಗನಿಗೆ ಇದೇನೂ ಭಾರವಲ್ಲ. ಆದರೆ ಗಂಟೆಗೆ 5400 ಸುತ್ತು ಇದನ್ನೇ ಮಾಡಬೇಕು. ಕಷ್ಟವಿರುವುದು ಬಲದಲ್ಲಲ್ಲ, ಪುನರಾವರ್ತನೆಯಲ್ಲಿ. ಈ ಪುನರಾವರ್ತನೆಯನ್ನು ನಡೆಸುವುದು ಹೃದಯ, ರಕ್ತನಾಳ ಮತ್ತು ಸ್ನಾಯುಕೋಶದ ಮೈಟೊಕಾಂಡ್ರಿಯಗಳು.

ವೇಗ ಹೆಚ್ಚಿಸುವುದೂ ಸುಲಭವಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಾಳಿಯ ತಡೆಯನ್ನು ಮೀರಲು ಬೇಕಾದ ಸಾಮರ್ಥ್ಯ ವೇಗದ ಘನಕ್ಕೆ ಅನುಪಾತದಲ್ಲಿದೆ. ಗಂಟೆಗೆ 30 ಕಿಲೋಮೀಟರಿನಿಂದ 36ಕ್ಕೆ ಏರಿದರೆ ವೇಗ ಶೇಕಡಾ 20 ಹೆಚ್ಚಿತು. ಗಾಳಿಗೆ ತೆರಬೇಕಾದ ಸಾಮರ್ಥ್ಯ ಮಾತ್ರ ಶೇಕಡಾ 73 ಹೆಚ್ಚುತ್ತದೆ.

ಒಂದು ಪ್ರಯೋಗ ಘೋಷಣೆಯಾದ ಬಗೆ

‘ಕೆಲವೇ ನಿಮಿಷಗಳಲ್ಲಿ ಗಂಟೆಗಳ ಫಲ’ ಎಂಬ ಮಾತಿಗೆ ಆಧಾರವಾಗಿ ಹೆಚ್ಚಾಗಿ ತೋರಿಸುವುದು ಜಪಾನಿನ ಇಝುಮಿ ಟಬಾಟ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಒಂದು ಗುಂಪು ವಾರಕ್ಕೆ ಐದು ದಿನ, ದಿನಕ್ಕೆ ಒಂದು ಗಂಟೆ ಮಧ್ಯಮ ತೀವ್ರತೆಯಲ್ಲಿ ಪೆಡಲ್ ತುಳಿಯಿತು. ಇನ್ನೊಂದು ಗುಂಪಿನದು 20 ಸೆಕೆಂಡು ಅತಿ ತೀವ್ರ ತುಳಿತ, 10 ಸೆಕೆಂಡು ಬಿಡುವು, ಹೀಗೆ ಏಳೆಂಟು ಸಲ. ಆರು ವಾರಗಳ ನಂತರ ಗರಿಷ್ಠ ಆಮ್ಲಜನಕ ಬಳಕೆ, ದೇಹತೂಕದ ಪ್ರತಿ ಕಿಲೋಗ್ರಾಮಿಗೆ ನಿಮಿಷಕ್ಕೆ, ಮೊದಲ ಗುಂಪಿನಲ್ಲಿ 5 ಮಿಲಿಲೀಟರ್, ಎರಡನೆಯದರಲ್ಲಿ 7 ಮಿಲಿಲೀಟರ್ ಏರಿತು. ಆಮ್ಲಜನಕವನ್ನು ಅವಲಂಬಿಸದ ಶಕ್ತಿ ಪೂರೈಕೆಯ ಮಿತಿಯೂ ಎರಡನೆಯ ಗುಂಪಿನಲ್ಲಿ ಶೇಕಡಾ 28 ಹೆಚ್ಚಿತು. ಫಲಿತಾಂಶ ನಿಜವಾಗಿಯೂ ಮಹತ್ವದ್ದೇ.

ಆದರೆ ಘೋಷಣೆ ಹೇಳದೆ ಬಿಟ್ಟದ್ದು ಏನು? ಮೊದಲನೆಯದಾಗಿ, ಅಲ್ಲಿ ಬಳಸಿದ್ದು ಹಗ್ಗವನ್ನಲ್ಲ, ಪೆಟ್ಟಿಗೆಯನ್ನಲ್ಲ. ಸಾಮರ್ಥ್ಯವನ್ನು ಅಳೆಯುವ ಸೈಕಲ್ ಯಂತ್ರವನ್ನು. ಎರಡನೆಯದಾಗಿ, ಅದರ ತೀವ್ರತೆ ಗರಿಷ್ಠ ಆಮ್ಲಜನಕ ಬಳಕೆಗೆ ಸಂಬಂಧಿಸಿದ ಮಟ್ಟದ ಶೇಕಡಾ 170. ಎಂಟನೆಯ ಸುತ್ತಿಗೆ ಕಾಲು ನಿಲ್ಲಬೇಕು. ಅದನ್ನು ಇಪ್ಪತ್ತು ನಿಮಿಷ ಮಾಡಿದೆ ಎನ್ನುವವನು ಮಾಡಿದ್ದು ಬೇರೇನೋ. ಮೂರನೆಯದಾಗಿ, ತೀವ್ರ ಗುಂಪು ಕೂಡ ವಾರದಲ್ಲಿ ಒಂದು ದಿನ ಅರ್ಧ ಗಂಟೆ ನಿಧಾನ ವ್ಯಾಯಾಮ ಮಾಡಿತ್ತು. ನಾಲ್ಕನೆಯದಾಗಿ, ಗುಂಪಿಗೆ ಇದ್ದವರು ಏಳೇ ಜನ. ಇಷ್ಟರಿಂದ ‘ಸವಾರಿ ಬೇಡ’ ಎಂಬ ತೀರ್ಮಾನ ಹೊರಡದು.

ಎದೆಬಡಿತದ ವಾದವೂ ದುರ್ಬಲವೇ. ಭಾರ ಎತ್ತುವಾಗ ಬಿಗಿದ ಸ್ನಾಯು ರಕ್ತನಾಳಗಳನ್ನು ಒತ್ತುತ್ತದೆ, ರಕ್ತದೊತ್ತಡ ಏರುತ್ತದೆ, ಆಮ್ಲಜನಕದ ಬಳಕೆಗೆ ಮೀರಿ ಎದೆ ಬಡಿಯುತ್ತದೆ. ಎರಡು ಕಡೆಯೂ 170 ಎಂದ ಮಾತ್ರಕ್ಕೆ ಎರಡೂ ಒಂದೇ ತರಬೇತಿಯಲ್ಲ.

ಹಾಗಾದರೆ ಭಾರ ಬೇಡವೇ?

ಬೇಕು. ಅಮೆರಿಕದ ರಾಬರ್ಟ್ ಹಿಕ್ಸನ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಪಳಗಿದ ಓಟಗಾರರು ಮತ್ತು ಸವಾರರು ತಮ್ಮ ಅಭ್ಯಾಸ ಬಿಡದೆ ಹತ್ತು ವಾರ ಭಾರ ಎತ್ತಿದರು. ಗರಿಷ್ಠ ಆಮ್ಲಜನಕ ಬಳಕೆ ಬದಲಾಗಲಿಲ್ಲ. ಆದರೆ ಅದರ ಶೇಕಡಾ 80ರ ಮಟ್ಟದಲ್ಲಿ ಸೈಕಲ್ ತುಳಿಯಬಲ್ಲ ಅವಧಿ 71 ನಿಮಿಷದಿಂದ 85ಕ್ಕೆ ಏರಿತು. ನಾರ್ವೆಯ ಬೆಂಟ್ ರೊನ್ನೆಸ್ಟಾಡ್ ಮತ್ತು ಸಂಗಡಿಗರ 2011ರ ಅಧ್ಯಯನದಲ್ಲಿ ಸವಾರರು 12 ವಾರ ಭಾರೀ ತೂಕ ಎತ್ತಿದರು. ಮೂರು ಗಂಟೆಗೂ ಹೆಚ್ಚು ತುಳಿದ ಮೇಲಿನ ಕೊನೆಯ ಐದು ನಿಮಿಷದ ಸಾಮರ್ಥ್ಯ ಸುಮಾರು ಶೇಕಡಾ 7 ಹೆಚ್ಚಿತು.

ಇದಕ್ಕೆ ವಿವರಣೆ ನಮ್ಮ 156 ನ್ಯೂಟನ್ ಲೆಕ್ಕದಲ್ಲೇ ಸಿಗಬಹುದು. ಕಾಲಿನ ಗರಿಷ್ಠ ಬಲ ಹೆಚ್ಚಿದರೆ, ಅದೇ 156 ನ್ಯೂಟನ್ ಅದರ ಸಣ್ಣ ಪಾಲಾಗುತ್ತದೆ. ಬೇಗ ದಣಿಯುವ ವೇಗದ ಎಳೆಗಳನ್ನು ಕರೆಯುವ ಪ್ರಸಂಗ ತಡವಾಗುತ್ತದೆ. ಗಮನಿಸಿ: ಇಲ್ಲಿ ನೆರವಾದದ್ದು ಹೆಚ್ಚು ಭಾರ, ಕಡಿಮೆ ಸಲ, ನಡುವೆ ಸಾಕಷ್ಟು ಬಿಡುವು. ದಣಿವೇ ಗುರಿಯಾದ ಸರದಿ ವ್ಯಾಯಾಮವಲ್ಲ.

‘ನಮ್ಮ ಗರಡಿಮನೆಯೇ ಸಾಕು’ ಎನ್ನುವವರಿಗೂ ಇದೇ ಮಾತು. ನೂರಾರು ಬಸ್ಕಿ ಹೊಡೆಯುವುದು ಹಗುರ ಭಾರದ ಪುನರಾವರ್ತನೆ. ಅದು ಸೈಕಲ್ ಈಗಾಗಲೇ ಮಾಡಿಸುತ್ತಿರುವ ಕೆಲಸಕ್ಕೆ ಹತ್ತಿರ. ಸವಾರನಿಗೆ ಕೊರತೆಯಿರುವುದು ಸಂಗ್ರಾಣಿ ಕಲ್ಲಿನ ಬಗೆಯ ವ್ಯಾಯಾಮ. ಅದೂ ವಾರಕ್ಕೆ ಎರಡು ಸಲ, ಬೆನ್ನು ಕಾಯ್ದುಕೊಂಡು, ಬಲ್ಲವರ ಕಣ್ಣೆದುರಲ್ಲಿ.

ಎಲ್ಲವನ್ನೂ ದಿನವೂ ಮಾಡಿದರೆ? 1980ರಲ್ಲಿ ಹಿಕ್ಸನ್ ಅವರೇ ಇದನ್ನು ಪರೀಕ್ಷಿಸಿದ್ದರು. ಬಲ ಮತ್ತು ದಮ್ಮು ಎರಡರ ಕಠಿಣ ತರಬೇತಿಯನ್ನೂ ಒಟ್ಟಿಗೆ ಪಡೆದವರ ದಮ್ಮು ಬೆಳೆಯಿತು, ಆದರೆ ಬಲ ಏಳೆಂಟು ವಾರಗಳ ನಂತರ ನಿಂತು, ಕೊನೆಗೆ ಇಳಿಯಿತು.

ಬೇಸಿಗೆಯ ಎಚ್ಚರ

ಸೈಕಲ್ ತುಳಿಯುವಾಗ ದೇಹದ ದಕ್ಷತೆ ಶೇಕಡಾ 20ರಿಂದ 25. ಅಂದರೆ 250 ವಾಟ್ ಕೆಲಸಕ್ಕೆ ಕನಿಷ್ಠ 750 ವಾಟ್ ಶಾಖ ಹುಟ್ಟುತ್ತದೆ. ರಸ್ತೆಯಲ್ಲಿ ಎದುರುಗಾಳಿ ಬೆವರನ್ನು ಆರಿಸುತ್ತದೆ. ಏಪ್ರಿಲ್ ತಿಂಗಳಲ್ಲಿ ಅಥಣಿಯ ತಗಡಿನ ಶೆಡ್ಡಿನೊಳಗೆ ಆ ಗಾಳಿ ಇಲ್ಲ. ತೊಟ್ಟಿಕ್ಕುವ ಬೆವರು ದೇಹವನ್ನು ತಂಪಾಗಿಸದು, ಆವಿಯಾದದ್ದು ಮಾತ್ರ ತಂಪು. ಪಳಗದ ದೇಹವನ್ನು ಒಮ್ಮೆಲೇ ಮಿತಿಮೀರಿ ದಣಿಸಿದರೆ ಸ್ನಾಯುತಂತುಗಳು ಒಡೆದು, ಅವುಗಳ ಮಯೊಗ್ಲೋಬಿನ್ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ವ್ಯಾಯಾಮದ ನಂತರ ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಶಾಲೆಯಲ್ಲೇ ಪರೀಕ್ಷಿಸಿ

ಶಿಕ್ಷಕರು ಇದನ್ನು ವಾದದಿಂದಲ್ಲ, ಅಳತೆಯಿಂದ ಇತ್ಯರ್ಥಪಡಿಸಬಹುದು. ವಾಹನಗಳಿಲ್ಲದ ಒಂದು ಏರುದಾರಿಯನ್ನು ಆರಿಸಿ, ಭೂಪಟದ ಸಮೋನ್ನತಿ ರೇಖೆಗಳಿಂದ ಏರಿನ ಎತ್ತರ ತಿಳಿಯಿರಿ. ಸವಾರ ಮತ್ತು ಸೈಕಲ್ಲಿನ ಒಟ್ಟು ರಾಶಿ 75 ಕಿಲೋಗ್ರಾಂ, ಎತ್ತರ 100 ಮೀಟರ್ ಇದ್ದರೆ ಕೆಲಸ 73,500 ಜೂಲ್. ಐದು ನಿಮಿಷದಲ್ಲಿ ಹತ್ತಿದರೆ ಗುರುತ್ವದ ವಿರುದ್ಧದ ಸಾಮರ್ಥ್ಯವೇ 245 ವಾಟ್. ಗಾಳಿ ಇಲ್ಲದ ಬೆಳಗಿನಲ್ಲಿ, ಅದೇ ಸೈಕಲ್ಲಿನಲ್ಲಿ, ಒಂದು ದಿನದ ವಿಶ್ರಾಂತಿಯ ನಂತರ ಅಳೆಯಿರಿ. ಜಿಮ್ ಸೇರಿಸಿದ ಎಂಟು ವಾರಗಳ ಬಳಿಕ ಮತ್ತೆ ಅಳೆಯಿರಿ. ಜಿಮ್‌ಗೆ ಹೋಗದ ಜೊತೆಗಾರರನ್ನೂ ಅಳೆಯಲು ಮರೆಯಬೇಡಿ. ಇಲ್ಲದಿದ್ದರೆ ಬರೀ ಅಭ್ಯಾಸದಿಂದ ಬಂದ ಏರಿಕೆ ಜಿಮ್‌ನ ಲೆಕ್ಕಕ್ಕೆ ಹೋಗುತ್ತದೆ.

ನನ್ನ ವಿದ್ಯಾರ್ಥಿಗೆ ನಾನು ಹೇಳಿದ್ದು ಇಷ್ಟೇ: ಜಿಮ್ ನಿನ್ನ ಸವಾರಿಗೆ ಉಪ್ಪಿನಕಾಯಿ, ಊಟವಲ್ಲ. ಎಷ್ಟು ಬೆವರಿದೆ ಎಂಬುದನ್ನು ಬರೆದಿಡಬೇಡ. ಏರು ಹತ್ತಲು ಎಷ್ಟು ನಿಮಿಷ ಹಿಡಿಯಿತು ಎಂಬುದನ್ನು ಬರೆದಿಡು.