ಮಂಡಿಯ ಮಾತಿಗೂ ಒಂದು ಮೀಮಾಂಸೆ ಬೇಡವೇ?

ಡೇಲ್ ಕಾರ್ನೆಗಿಯ ‘ಹೌ ಟು ವಿನ್ ಫ್ರೆಂಡ್ಸ್’ ಪುಸ್ತಕದ ಹೆಸರೆತ್ತಿದರೆ ಸಾಕು, ನಮ್ಮ ಸಾಹಿತ್ಯಗೋಷ್ಠಿಗಳಲ್ಲಿ ತೀರ್ಪು ಸಿದ್ಧವಾಗಿರುತ್ತದೆ: ಅದು ಮಾರಾಟಗಾರನ ನಗು, ಕೆಲಸ ಸಾಧಿಸಿಕೊಳ್ಳುವವನ ವಿನಯ, ಓದಿದವರನ್ನು ಕಪಟಿಗಳಾಗಿಸುವ ಪುಸ್ತಕ. 1936ರಲ್ಲಿ ಬಂದದ್ದನ್ನು ಜನ ಇನ್ನೂ ಓದುತ್ತಿದ್ದಾರಲ್ಲ ಎಂದರೆ, ಜನರ ಅಭಿರುಚಿಯೇ ಕೆಟ್ಟಿದೆ ಎನ್ನುತ್ತಾರೆ. ಕೊಬ್ಬರಿ ಪೇಟೆಯ ತಿಪಟೂರು ಸೀಮೆಯವನಾದ ನನಗೆ ಇದನ್ನು ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಇಲ್ಲಿ ಬೈಸಿಕೊಳ್ಳುತ್ತಿರುವುದು ಕಾರ್ನೆಗಿ ಒಬ್ಬನೇ ಅಲ್ಲ. ಮಾತನ್ನೇ ನಂಬಿ ಬದುಕುವ ಇಡೀ ಪೇಟೆ.

‘ಹೌ ಟು ವಿನ್ ಫ್ರೆಂಡ್ಸ್’ನ ಮೊದಲ ಅಧ್ಯಾಯವನ್ನು ಇವರು ಓದಿದ್ದಾರೆಯೇ? ಅಮೆರಿಕದ ಅಂತರ್ಯುದ್ಧದ ಹೊತ್ತಿನಲ್ಲಿ, 1863ರ ಗೆಟಿಸ್‌ಬರ್ಗ್ ಕಾಳಗದಲ್ಲಿ ಸೋತ ಶತ್ರುಸೈನ್ಯದ ಮೇಲೆ ಜನರಲ್ ಮೀಡ್ ತಕ್ಷಣ ಎರಗಲಿಲ್ಲ, ಅದು ನದಿ ದಾಟಿ ಪಾರಾಯಿತು. ಅಧ್ಯಕ್ಷ ಲಿಂಕನ್ ಕುದಿದುಹೋಗಿ ಮೀಡ್‌ಗೆ ಕಟುವಾದ ಪತ್ರ ಬರೆದ, ಆದರೆ ಕಳಿಸಲಿಲ್ಲ. ಅವನು ಸತ್ತ ಮೇಲೆ ಅದು ಅವನ ಕಾಗದಪತ್ರಗಳ ನಡುವೆ ಸಿಕ್ಕಿತು. ಕಳಿಸದೆ ಉಳಿದ ಆ ಪತ್ರದ ಮುಂದೆ ಕಾರ್ನೆಗಿ ನಿಧಾನವಾಗಿ ನಿಲ್ಲುತ್ತಾನೆ. ಮೀಡ್ ಕಂಡಷ್ಟು ರಕ್ತವನ್ನು, ಕೇಳಿದಷ್ಟು ನರಳಾಟವನ್ನು ತಾನೂ ಕಂಡು ಕೇಳಿದ್ದರೆ ಹೇಗಿರುತ್ತಿದ್ದೆ ಎಂದು ಲಿಂಕನ್ ಯೋಚಿಸಿರಬೇಕು ಎಂದು ಊಹಿಸುತ್ತಾನೆ. ಇದರಲ್ಲಿ ಮಾರಾಟ ಎಲ್ಲಿದೆ? ಸಿಟ್ಟು ನ್ಯಾಯವಾದದ್ದೇ ಆಗಿದ್ದರೂ ಅದನ್ನು ನುಂಗಿಕೊಳ್ಳುವ ಗಳಿಗೆಯನ್ನು ಇಷ್ಟು ಚೆನ್ನಾಗಿ ಕಾಣಿಸಿದ ಕತೆಗಾರರು ಎಷ್ಟು ಜನ? ಮುಖಸ್ತುತಿ ಬೇಡ, ಮನಸಾರೆ ಮೆಚ್ಚು ಎಂದು ಅವನು ಮತ್ತೆ ಮತ್ತೆ ಹೇಳಿದ್ದು ಇವರ ಕಣ್ಣಿಗೆ ಬೀಳುವುದೇ ಇಲ್ಲ.

ನ್ಯೂಯಾರ್ಕಿನ ವೈಎಂಸಿಎಯಲ್ಲಿ 1912ರಿಂದ ಸಂಜೆ ಪಾಠ ಹೇಳಿದವನು ಗುರುತುಪರಿಚಯವಿಲ್ಲದವರ ಊರಿಗೆ ಬರೆದದ್ದು ನಮಗೇಕೆ ಎನ್ನುವವರೂ ಇದ್ದಾರೆ. ನಾನು ಕಂಡದ್ದು ಇದಕ್ಕೆ ತದ್ವಿರುದ್ಧ. ಕಾಯಿ ಕೆಡವಿ, ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಕಾದು, ಸುಲಿದು ಒಡೆಸಿ ಉಂಡೆ ಕೊಬ್ಬರಿಯನ್ನು ಮಂಡಿಗೆ ತಂದವನಿಗೆ ಬೆಲೆ ಕೇಳಿದ ಕೂಡಲೇ ವರ್ಷದ ಸಿಟ್ಟೆಲ್ಲ ನಾಲಿಗೆಗೆ ಬರುತ್ತದೆ. ಎದುರಿಗೆ ಕೂತ ಮಂಡಿಯವನೋ, ಮಗಳ ಮದುವೆಗೆ ಮುಂಗಡ ಕೊಟ್ಟವನು. ನಾಳೆ ಜಾತ್ರೆಯಲ್ಲಿ, ನಾಡಿದ್ದು ಯಾರದೋ ತಿಥಿಯಲ್ಲಿ ಪಕ್ಕದ ಎಲೆಗೆ ಕೂರುವವನು. ಅಪರಿಚಿತನನ್ನು ಬೈದು ರೈಲು ಹತ್ತಬಹುದು, ಇವನನ್ನು ಬೈದು ಎಲ್ಲಿಗೆ ಹೋಗುವುದು? ಬಿಟ್ಟುಹೋಗಲಾಗದವರ ನಡುವೆಯೇ ಕಾರ್ನೆಗಿಯ ಮಾತಿಗೆ ತೂಕ ಹೆಚ್ಚು.

ಹಾಗೆ ಸಿಟ್ಟು ನುಂಗುವುದು ಸಾಲಗಾರನ ದೈನ್ಯ, ಸೌಜನ್ಯವಲ್ಲ ಎನ್ನಬಹುದು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ತಿಪಟೂರು ಪೇಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಕುಸಿಯಿತು. ಆಗ ರೈತರು ಬೀದಿಗಿಳಿದರು, ಇಳಿಯಲೇಬೇಕಿತ್ತು. ಸರ್ಕಾರದ ಮುಂದೆ ಕೂಗಿದವರೇ ಮಂಡಿಯೊಳಗೆ ತಾಳ್ಮೆಯಿಂದ ಮಾತಾಡುತ್ತಿದ್ದರು. ಎಲ್ಲಿ ಕೂಗಬೇಕು, ಎಲ್ಲಿ ಕೂಗಬಾರದು ಎಂದು ಬಲ್ಲವರನ್ನು ದೀನರೆನ್ನಲು ನನಗೆ ಬಾಯಿ ಬರುವುದಿಲ್ಲ.

ನಿಜವಾದ ಜಗಳ ಇರುವುದು ಬೇರೆ ಕಡೆ. ನಮ್ಮ ಡಿವಿಜಿ ಹುಟ್ಟಿದ್ದು 1887ರಲ್ಲಿ, ಕಾರ್ನೆಗಿ 1888ರಲ್ಲಿ; ಇಬ್ಬರೂ ಒಂದೇ ಕಾಲದವರು. ಡಿವಿಜಿಯವರ 1943ರ ಕಗ್ಗವೂ ಬದುಕುವವರಿಗೆ ಹೇಳಿದ ಬುದ್ಧಿಮಾತೇ. ಅದನ್ನು ಎದೆಗೊತ್ತಿಕೊಳ್ಳುವವರು ಇದನ್ನು ಕಾಲಿನಿಂದ ಸರಿಸುವುದೇಕೆ? ಕಗ್ಗದ ಪದ್ಯಶಕ್ತಿ ಕಾರ್ನೆಗಿಯ ಗದ್ಯಕ್ಕಿಲ್ಲ, ಒಪ್ಪಿದೆ. ಆದರೆ ತಿರಸ್ಕಾರಕ್ಕೆ ಅದು ಕಾರಣವಲ್ಲ. ದುಡ್ಡು ಕೈ ಬದಲಾಯಿಸುವ ಜಾಗದಲ್ಲಿ ಒಳ್ಳೆಯತನ ಇರಲಾರದು ಎಂಬ ಮೇಷ್ಟ್ರುಗಳ ನಂಬಿಕೆಯೇ ಕಾರಣ. ವಚನಕಾರರನ್ನೇ ನೋಡಿ: ಬಸವಣ್ಣ ಬಿಜ್ಜಳನ ಭಂಡಾರಿಯಾಗಿದ್ದರು, ಆದಯ್ಯ ವ್ಯಾಪಾರಿ. ವಚನಗಳನ್ನು ಪಠ್ಯಕ್ಕೆ ತಂದ ನಾವು ಅವರ ಅಂಗಡಿ, ಲೆಕ್ಕಗಳನ್ನು ಹೊರಗೇ ಬಿಟ್ಟೆವು.

ನಮ್ಮ ಸೀಮೆಯಲ್ಲೂ ಇದೇ ಕತೆ. ಬಿಎಂಶ್ರೀ ಹುಟ್ಟಿದ ಸಂಪಿಗೆ ತುರುವೇಕೆರೆ ತಾಲ್ಲೂಕಿನದು, ತೀನಂಶ್ರೀಯವರ ತೀರ್ಥಪುರ ಚಿಕ್ಕನಾಯಕನಹಳ್ಳಿಯದು. ತೀನಂಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಕೊಟ್ಟ ಸೀಮೆ ಇದು. ಇದೇ ಸೀಮೆಯ ಮಂಡಿಗಳಲ್ಲಿ ದಿನವೂ ನಡೆಯುವ ಮಾತು, ಅದರ ಬಿಗಿ, ಅದರ ಸೈರಣೆ, ಬೆಲೆ ಒಪ್ಪದೆಯೂ ಸಂಬಂಧ ಕೆಡಿಸಿಕೊಳ್ಳದ ಅದರ ಜಾಣ್ಮೆಯ ಬಗ್ಗೆ ನಮ್ಮ ವಿಮರ್ಶಕರು ಬರೆದ ಒಂದು ಪುಟವನ್ನೂ ನಾನು ಓದಿಲ್ಲ.