ಜಪಾನಿ ಮರದಚ್ಚಿನ ವಿದ್ಯೆ ಮತ್ತು ಕನ್ನಡನಾಡಿನ ಮುದ್ರಣಚಿತ್ರ: ಒಂದು ವಿವೇಚನೆ

ಬೆಂಗಳೂರಿನ ಎನ್.ಆರ್. ಕಾಲೋನಿಗೆ ಅನತಿದೂರದಲ್ಲಿ ‘ಟಾಟಾ ಸಿಲ್ಕ್ ಫಾರಂ’ ಎಂಬ ಹೆಸರು ಒಂದು ಬಡಾವಣೆಗೆ ಇಂದಿಗೂ ಅಂಟಿಕೊಂಡಿದೆ. ಹಿಪ್ಪುನೇರಳೆಯ ತೋಟ ಅಳಿದು ಮನೆಗಳೆದ್ದು ಎಷ್ಟೋ ಕಾಲವಾಯಿತು. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ವರ್ಷಗಳಲ್ಲಿ ಜಮ್‌ಷೆಟ್‌ಜಿ ಟಾಟಾ ಅವರು ಇಲ್ಲಿ ರೇಷ್ಮೆ ತೋಟವೊಂದನ್ನು ಆರಂಭಿಸಿ, ಹುಳು ಸಾಕುವ ಮತ್ತು ಗೂಡಿನಿಂದ ನೂಲು ತೆಗೆಯುವ ಜಪಾನಿ ಕ್ರಮವನ್ನು ಸ್ಥಳೀಯರಿಗೆ ಕಲಿಸುವ ಸಲುವಾಗಿ ಓಡ್ಜು ಎಂಬ ಜಪಾನಿ ದಂಪತಿಗಳನ್ನು ಕರೆಸಿಕೊಂಡಿದ್ದರು. ಮುಂದೆ ಆ ತೋಟ ಸಾಲ್ವೇಷನ್ ಆರ್ಮಿಯ ಕೈಸೇರಿತು. ಜಪಾನಿನ ಒಂದು ಕೈಕಸುಬು ಹಳೆಯ ಬೆಂಗಳೂರಿನ ಈ ಭಾಗಕ್ಕೆ ಬಂದ ಬಗೆ ಇದು: ಬಲ್ಲವರು ಬಂದು ನೆಲೆಸಿದರು, ಹುಳು ಮೊಟ್ಟೆಯೊಡೆದು ಗೂಡು ಕಟ್ಟುವವರೆಗೆ ಕಲಿಯುವವರ ಜೊತೆಗಿದ್ದರು.

ಮುದ್ರಣಚಿತ್ರದ ವಿವೇಚನೆಗೆ ರೇಷ್ಮೆಯ ಈ ಪ್ರಸ್ತಾಪ ಅಪ್ರಸ್ತುತವೆಂದು ತೋರಬಹುದು. ಆದರೆ ಜಪಾನಿನ ಮರದಚ್ಚಿನ ಚಿತ್ರಗಳಿಗೆ ಬೇಕಾದ ಕಾಗದವೂ ಹಿಪ್ಪುನೇರಳೆಯ ಕುಲಕ್ಕೇ ಸೇರಿದ ಗಿಡವೊಂದರ ನಾರಿನದು. ಅದನ್ನು ಅಲ್ಲಿ ‘ಕೋಜೊ’ ಎನ್ನುತ್ತಾರೆ. ಎಲೆಯ ಬಳಕೆ ಬಲ್ಲ ನಾಡಿಗೆ ತೊಗಟೆಯ ಬಳಕೆ ತಿಳಿಯದೆ ಹೋದದ್ದು ಏಕೆ, ಜಪಾನಿನಿಂದ ರೇಷ್ಮೆಯ ವಿದ್ಯೆ ಬಂದು ಅಚ್ಚಿನ ವಿದ್ಯೆ ಬಾರದೆ ಉಳಿದದ್ದು ಏಕೆ ಎಂಬ ಪ್ರಶ್ನೆಗಳು ಕರ್ನಾಟಕದ ಆಧುನಿಕ ಕಲೆಯ ಚರಿತ್ರೆಯಲ್ಲಿ ಕೇಳಲೇಬೇಕಾದವು. ಈ ಶತಮಾನದಲ್ಲಿ ಆ ವಿದ್ಯೆ ಜಗತ್ತಿನ ಮುದ್ರಣ ಕಲಾವಿದರ ನಡುವೆ ಬಹಿರಂಗವಾಗಿ ಹಂಚಿಕೆಯಾಗುತ್ತಿರುವುದರಿಂದ ಈ ಪ್ರಶ್ನೆಗಳಿಗೆ ಹೊಸ ತುರ್ತು ಒದಗಿದೆ.

ನೀರುಬಣ್ಣದಿಂದ ಮರದ ಫಲಕದ ಮೇಲೆ ಅಚ್ಚುಹಾಕುವ ಈ ಕ್ರಮಕ್ಕೆ ಜಪಾನಿಯಲ್ಲಿ ‘ಮೊಕುಹಾಂಗ’ ಎಂಬ ಹೆಸರಿದೆ. ಅವಾಜಿ ದ್ವೀಪದ ನಾಗಸಾವಾ ಎಂಬಲ್ಲಿ 1997ರಿಂದ ಹೊರದೇಶಗಳ ಕಲಾವಿದರನ್ನು ಕರೆಸಿ, ವಾರಗಟ್ಟಲೆ ಅಲ್ಲೇ ಇರಿಸಿಕೊಂಡು ಈ ವಿದ್ಯೆಯನ್ನು ಕಲಿಸುವ ಏರ್ಪಾಡು ನಡೆಯಿತು. ಹಾಗೆ ಕಲಿತವರೂ ಅವರಿಂದ ಕಲಿತವರೂ ಸೇರಿ 2011ರಲ್ಲಿ ಕ್ಯೋಟೊ ಮತ್ತು ಅವಾಜಿಯಲ್ಲಿ ಮೊದಲ ಅಂತಾರಾಷ್ಟ್ರೀಯ ಮೊಕುಹಾಂಗ ಸಮ್ಮೇಳನ ಸೇರಿತು. ಮುಂದಿನ ಸಮ್ಮೇಳನಗಳು 2014ರಲ್ಲಿ ಟೋಕಿಯೊದಲ್ಲೂ 2017ರಲ್ಲಿ ಹವಾಯಿಯಲ್ಲೂ 2021ರಲ್ಲಿ ನಾರಾದಲ್ಲೂ 2024ರಲ್ಲಿ ಎಚಿಝೆನ್‌ನಲ್ಲೂ ನಡೆದವು. ಎಚಿಝೆನ್ ಶತಮಾನಗಳಿಂದ ಕೈಕಾಗದಕ್ಕೆ ಹೆಸರಾದ ಊರು. ಚಿತ್ರಕಾರರ ಕೂಟವೊಂದು ಕಾಗದ ಮಾಡುವವರ ಮನೆಬಾಗಿಲಿಗೆ ಹೋದದ್ದು ಅರ್ಥಪೂರ್ಣವಾಗಿದೆ.

ಕೂಟಕ್ಕೂ ಈ ಕಲೆಗೂ ಇರುವ ನಂಟು ಇತ್ತೀಚಿನದಲ್ಲ. ಬಹುವರ್ಣದ ಜಪಾನಿ ಅಚ್ಚುಚಿತ್ರ ರೂಪುಗೊಂಡದ್ದೇ ಒಂದು ಬಗೆಯ ಕೂಟದಲ್ಲಿ. 1765ರ ಸುಮಾರಿಗೆ ಎಡೊ ನಗರದ ಕಾವ್ಯಾಸಕ್ತರು ಹೊಸ ವರ್ಷದ ಪಂಚಾಂಗದ ಚಿತ್ರಪತ್ರಗಳನ್ನು ಮಾಡಿಸಿ ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದರು. ಒಬ್ಬರನ್ನು ಮೀರಿಸುವ ಪತ್ರವನ್ನು ಮತ್ತೊಬ್ಬರು ಮಾಡಿಸಬೇಕೆಂಬ ಹುರುಡಿನಲ್ಲಿ ಸುಝುಕಿ ಹರುನೊಬು ಮತ್ತು ಅವರ ಸಂಗಡಿಗ ಕುಶಲಿಗಳು ಹಲವು ಫಲಕಗಳಿಂದ ಹಲವು ಬಣ್ಣಗಳನ್ನು ಒಂದೇ ಹಾಳೆಯ ಮೇಲೆ ತಪ್ಪದೆ ಕೂರಿಸುವ ಕ್ರಮವನ್ನು ಪಳಗಿಸಿಕೊಂಡರು.

ಆ ಕ್ರಮದ ಗುಟ್ಟು ‘ಕೆಂತೊ’ ಎಂಬ ಎರಡು ಸಣ್ಣ ಕಚ್ಚುಗಳಲ್ಲಿದೆ. ಫಲಕದ ಮೂಲೆಯಲ್ಲಿ ಲಂಬಕೋನದ ಒಂದು ಕಚ್ಚು, ಅದೇ ಅಂಚಿನಲ್ಲಿ ನೇರವಾದ ಇನ್ನೊಂದು. ಹಾಳೆಯ ಮೂಲೆಯನ್ನು ಮೊದಲನೆಯದರಲ್ಲೂ ಅಂಚನ್ನು ಎರಡನೆಯದರಲ್ಲೂ ಇರಿಸಿದರೆ ಪ್ರತಿ ಬಣ್ಣವೂ ತನ್ನ ಸ್ಥಾನದಲ್ಲೇ ಬೀಳುತ್ತದೆ. ಕಚ್ಚುಗಳು ಬೇರೊಂದು ಚೌಕಟ್ಟಿನಲ್ಲಿರದೆ ಚಿತ್ರವಿರುವ ಮರದಲ್ಲೇ ಇರುವುದರಿಂದ, ತೇವಕ್ಕೆ ಮರ ಹಿಗ್ಗಿದಾಗ ಅವೂ ಅದರೊಂದಿಗೆ ಸರಿಯುತ್ತವೆ. ಇಂತಹ ಸರಳ ಉಪಾಯವನ್ನು ನೋಟಮಾತ್ರದಿಂದ ಕಲಿಯಬಹುದು. ಕಲಿಯಲಾಗದ್ದು ತೇವದ ಹದ. ಹಾಳೆಗಳನ್ನು ಹಿಂದಿನ ದಿನವೇ ಒದ್ದೆಮಾಡಿ ಒಂದರ ಮೇಲೊಂದು ಪೇರಿಸಿ, ಎಲ್ಲದರಲ್ಲೂ ಸಮನಾದ ತಂಪು ನಿಲ್ಲುವಂತೆ ಕಾಯಬೇಕು. ಫಲಕದ ಮೇಲೆ ನೀರುಬಣ್ಣವನ್ನೂ ಅಕ್ಕಿಯ ಅಂಟನ್ನೂ ಕೂದಲ ಕುಂಚದಿಂದ ಬೆರೆಸಿ ಹರಡಿ, ಹಾಳೆಯಿಟ್ಟು, ಬೆನ್ನಮೇಲೆ ‘ಬಾರೆನ್’ ಎಂಬ ದುಂಡನೆಯ ಉಜ್ಜುಬಿಲ್ಲೆಯಿಂದ ಒತ್ತಬೇಕು. ಬಿದಿರ ಕಳಲೆಯ ಹೊರಹಾಳೆಯನ್ನು ಸೀಳಿ ಹೊಸೆದ ಹುರಿಯನ್ನು ಸುರುಳಿ ಸುತ್ತಿ, ಅದರ ಮೇಲೆ ಮತ್ತೊಂದು ಕಳಲೆಹಾಳೆ ಬಿಗಿದು ಮಾಡಿದ ಬಿಲ್ಲೆ ಅದು. ಒತ್ತುಯಂತ್ರ ಬೇಡ. ನೆಲದ ಮೇಲೆ ಕುಳಿತು, ತೋಳಿನ ಬಲವನ್ನೂ ಮೈಭಾರವನ್ನೂ ಅಳೆದು ಬಳಸಿ ಮಾಡುವ ಕೆಲಸ.

ವಿಮರ್ಶೆ ಗಮನಿಸಬೇಕಾದ ಭೇದವಿರುವುದು ಇಲ್ಲಿ. ಎಣ್ಣೆಮಸಿಯ ಮರದಚ್ಚಿನಲ್ಲಿ ಮಸಿ ಕಾಗದದ ಮೇಲ್ಮೈಯಲ್ಲಿ ಕೂರುತ್ತದೆ. ಕಪ್ಪು ಬಿಳುಪುಗಳ ಮುಖಾಮುಖಿಯೇ ಅದರ ಶಕ್ತಿ. ನೀರುಬಣ್ಣದ ಅಚ್ಚಿನಲ್ಲಿ ವರ್ಣ ನಾರಿನೊಳಕ್ಕೆ ಇಳಿಯುತ್ತದೆ. ಫಲಕದ ಮೇಲೆ ನೀರಿನ ಪ್ರಮಾಣ ಬದಲಿಸಿ ಸಾಧಿಸುವ ‘ಬೊಕಾಶಿ’ ಎಂಬ ವರ್ಣದ ಇಳಿತ ಪ್ರತಿ ಹಾಳೆಗೂ ಹೊಸದಾಗಿ ಮಾಡಬೇಕಾದದ್ದು. ಹಿರೊಶಿಗೆ ಅವರ ಎಡೊ ನಗರದ ನೂರು ದೃಶ್ಯಗಳ ಮಾಲೆಯಲ್ಲಿ (1856–58) ಆಕಾಶದ ಮೇಲಂಚಿನ ಗಾಢ ನೀಲಿ ಮೆಲ್ಲಗೆ ಕರಗುವುದು ಚಿತ್ರಕಾರನ ಗೆರೆಯಿಂದಲ್ಲ, ಅಚ್ಚುಹಾಕುವವನ ಕೈಯ ಒದ್ದೆ ಬಟ್ಟೆಯಿಂದ, ಕುಂಚದಿಂದ. ಇಂತಹ ಕೃತಿಯನ್ನು ಬಲ್ಲವರು ಹಾಳೆ ಮಗುಚಿ ಬೆನ್ನು ನೋಡುತ್ತಾರೆ. ಬಾರೆನ್ನಿನ ಉಜ್ಜುಗುರುತು, ಬಣ್ಣ ಇಳಿದ ಆಳ ಅಲ್ಲಿ ಕಾಣುತ್ತದೆ. ಗಾಜಿನ ಚೌಕಟ್ಟಿನೊಳಗೆ ಮುಂಬದಿಯನ್ನಷ್ಟೇ ತೋರುವ ಪ್ರದರ್ಶನ ಪದ್ಧತಿ ಈ ಕಲೆಯ ಅರ್ಧ ಸಾಕ್ಷ್ಯವನ್ನು ಮುಚ್ಚಿಡುತ್ತದೆಂದರೆ ಉತ್ಪ್ರೇಕ್ಷೆಯಾಗದು.

ಕನ್ನಡನಾಡಿಗೆ ಜಪಾನಿನ ಕಲಾಪ್ರಭಾವ ಬರಲೇ ಇಲ್ಲವೆಂದಲ್ಲ. ಅದು ಬಂಗಾಳದ ಮೂಲಕ, ಬೇರೊಂದು ವೇಷದಲ್ಲಿ ಬಂತು. 1903ರಲ್ಲಿ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದ ನಂತರ ಅವನೀಂದ್ರನಾಥ ಠಾಕೂರರು ಚಿತ್ರವನ್ನು ನೀರಿನಲ್ಲಿ ಅದ್ದಿ ಬಣ್ಣದ ತೆಳುಪದರಗಳನ್ನು ಕೂಡಿಸುವ ‘ವಾಶ್’ ಕ್ರಮವನ್ನು ರೂಢಿಸಿಕೊಂಡರು. ಮೈಸೂರು ಸಂಸ್ಥಾನದ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರರ ಶಿಷ್ಯರಾದ ಕೆ. ವೆಂಕಟಪ್ಪನವರು ಆ ಪರಿಸರದಲ್ಲೇ ಪಕ್ವಗೊಂಡವರು. ಅವರ ಊಟಿಯ ಮಂಜಿನ ದೃಶ್ಯಗಳನ್ನು ನೋಡುವವರಿಗೆ ನೀರು ಮತ್ತು ಕಾಗದದ ಮೇಲೆ ಅವರಿಗಿದ್ದ ಹಿಡಿತ ಅರಿವಾಗದಿರದು. ಬೊಕಾಶಿ ಬೇಡುವ ಸಂಯಮವೂ ಇದೇ ಜಾತಿಯದು. ಆದರೂ ವೆಂಕಟಪ್ಪನವರ ಪರಂಪರೆಯಿಂದ ಅಚ್ಚುಚಿತ್ರ ಕವಲೊಡೆಯಲಿಲ್ಲ. ಏಕಪ್ರತಿಯ ಪಾವಿತ್ರ್ಯವನ್ನು ಅವರಷ್ಟು ನಿಷ್ಠೆಯಿಂದ ಕಾಪಾಡಿಕೊಂಡವರು ಅಪರೂಪ. ಪ್ರತಿಗಳನ್ನು ಹೆಚ್ಚಿಸುವ ಕಲೆಗೆ ಆ ಮನೋಧರ್ಮದಲ್ಲಿ ಎಡೆಯಿರಲಿಲ್ಲವೆಂದು ಊಹಿಸಬಹುದು.

ಎರಡನೆಯ ದಾರಿ ಶಾಂತಿನಿಕೇತನದ್ದು. ನಂದಲಾಲ ಬಸು ಅವರು 1924ರಲ್ಲಿ ರವೀಂದ್ರರೊಡನೆ ಚೀನ–ಜಪಾನುಗಳಿಗೆ ಹೋಗಿಬಂದರು. ಕಲಾಭವನದಲ್ಲಿ ಮರದಚ್ಚು, ಲಿನೊಅಚ್ಚುಗಳು ಪಾಠಕ್ರಮದ ಭಾಗವಾದವು. 1930ರ ‘ಸಹಜ್ ಪಾಠ್’ ಪುಸ್ತಕಕ್ಕೆ ನಂದಲಾಲರು ಮಾಡಿಕೊಟ್ಟ ಚಿತ್ರಗಳಲ್ಲಿ ಅದರ ಫಲ ಕಾಣುತ್ತದೆ. ಆದರೆ ಅಲ್ಲಿ ಬೆಳೆದದ್ದು ಮುಖ್ಯವಾಗಿ ಕಪ್ಪು ಬಿಳುಪಿನ ಗಟ್ಟಿ ಗೆರೆಯ ಶೈಲಿ. ಬೆಂಗಳೂರಿನಲ್ಲಿ ಆರ್.ಎಂ. ಹಡಪದ್ ಅವರು ಕಟ್ಟಿದ ಕೆನ್ ಕಲಾಶಾಲೆಯಲ್ಲಿ ಕಲಿತು ಶಾಂತಿನಿಕೇತನದಲ್ಲಿ ಗ್ರಾಫಿಕ್ ಕಲೆಯನ್ನು ಅಭ್ಯಾಸ ಮಾಡಿದ ಚಂದ್ರನಾಥ ಆಚಾರ್ಯ ಅವರಂಥವರ ಮೂಲಕ ಮುದ್ರಣಕಲೆಯ ಶಿಸ್ತು ಕನ್ನಡದ ಪತ್ರಿಕೆಗಳ ಪುಟಗಳಿಗೂ ಬಂತು. ಕಥೆಯೊಂದಕ್ಕೆ ಬರೆದ ಚಿತ್ರದಲ್ಲಿ ಕೆತ್ತನೆಯ ಗೆರೆಯ ಬಿಗುವನ್ನು ಕಂಡು ಬೆಳೆದ ಓದುಗರಿದ್ದಾರೆ. ಇದು ಸಣ್ಣ ಸಾಧನೆಯಲ್ಲ. ಆದರೂ ಕಲಾಶಾಲೆಗಳ ಗ್ರಾಫಿಕ್ ವಿಭಾಗವೆಂದರೆ ಒತ್ತುಯಂತ್ರವಿರುವ ಕೋಣೆ ಎಂಬ ಭಾವನೆಯೇ ನೆಲೆನಿಂತಿತು. ಶಾಲೆ ಬಿಟ್ಟ ವಿದ್ಯಾರ್ಥಿಗೆ ಯಂತ್ರ ಸಿಗದು, ಯಂತ್ರವಿಲ್ಲದೆ ಅಚ್ಚಿಲ್ಲ, ಆತ ವರ್ಣಚಿತ್ರಕ್ಕೆ ಮರಳುತ್ತಾನೆ. ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಾಡಬಹುದಾದ ಜಪಾನಿ ಕ್ರಮ ಈ ಕಾರಣಕ್ಕಾಗಿಯೇ ಇಲ್ಲಿನವರಿಗೆ ಹೆಚ್ಚು ಉಪಯುಕ್ತವಾದೀತು.

ಇಲ್ಲೊಂದು ವಿಪರ್ಯಾಸವಿದೆ. ಎಡೊ ಕಾಲದ ಅಚ್ಚುಚಿತ್ರ ಒಬ್ಬರ ಕೃತಿಯಲ್ಲ. ಚಿತ್ರ ಬರೆಯುವವನು ‘ಎಶಿ’, ಕೆತ್ತುವವನು ‘ಹೊರಿಶಿ’, ಅಚ್ಚುಹಾಕುವವನು ‘ಸುರಿಶಿ’; ಮೂವರನ್ನೂ ಕೂಡಿಸಿ ಹಣಹೂಡುವ ಪ್ರಕಾಶಕನು ‘ಹಾನ್‌ಮೊತೊ’. 1904ರಲ್ಲಿ ಯಮಮೊಟೊ ಕನಾಯೆ ಅವರು ‘ಮೀನುಗಾರ’ ಎಂಬ ಚಿತ್ರವನ್ನು ತಾವೇ ಬರೆದು, ತಾವೇ ಕೆತ್ತಿ, ತಾವೇ ಅಚ್ಚುಹಾಕಿದರು. ಅಲ್ಲಿಂದ ಆರಂಭವಾದ ‘ಸೊಸಾಕು ಹಾಂಗ’ ಚಳವಳಿ ಕಸುಬುದಾರರ ಮನೆತನಗಳಲ್ಲಿ ಅಡಗಿದ್ದ ವಿದ್ಯೆಯನ್ನು ಯಾರಾದರೂ ಕಲಿಯಬಹುದಾದ ವಿದ್ಯೆಯಾಗಿಸಿತು. ಇಂದು ಸಮ್ಮೇಳನಗಳಲ್ಲಿ ಹಂಚಿಕೆಯಾಗುತ್ತಿರುವುದು ಬಹುಮಟ್ಟಿಗೆ ಈ ಏಕಾಂಗಿ ಮಾದರಿ. ಟೋಕಿಯೊದ ಅದಾಚಿ ಸಂಸ್ಥೆಯಂಥ ಕೆಲವೆಡೆ ಮಾತ್ರ ಕೆತ್ತುವವರನ್ನೂ ಅಚ್ಚುಹಾಕುವವರನ್ನೂ ಬೇರೆಬೇರೆಯಾಗಿ, ವರ್ಷಾನುಗಟ್ಟಲೆ ಪಳಗಿಸುವ ಹಳೆಯ ಕ್ರಮ ಉಳಿದಿದೆ. ಹೊರಗಿನವರಿಗೆ ದೊರೆತ ಸ್ವಾತಂತ್ರ್ಯದ ಬೆಲೆಯೇನೆಂಬುದು ಗೆರೆಯ ಸೂಕ್ಷ್ಮತೆಯಲ್ಲಿ ತಿಳಿಯುತ್ತದೆ. ಹೆಣ್ಣಿನ ಹಣೆಯ ಅಂಚಿನ ಕೂದಲೆಳೆಗಳನ್ನು ಕೆತ್ತಬಲ್ಲ ಕೈ, ಬದುಕಿನಲ್ಲಿ ಬೇರೇನನ್ನೂ ಮಾಡದ ಕೈ.

ಕುನಿಸಾದನ ಅನೇಕ ಅಚ್ಚುಚಿತ್ರಗಳಲ್ಲಿ ಚಿತ್ರಕಾರನ ಸಹಿಯೊಂದಿಗೆ ‘ಹೊರಿ ತಾಕೆ’ ಎಂಬ ಕೆತ್ತನೆಗಾರನ ಮುದ್ರೆಯೂ ಇದೆ. ಕನ್ನಡದ ಸಂಶೋಧಕರಿಗೆ ಇದು ಅಪರಿಚಿತವಾದ ಪದ್ಧತಿಯಲ್ಲ. ಶಾಸನಗಳಲ್ಲಿ ರಚಿಸಿದ ಕವಿ, ಬರೆದ ಲಿಪಿಕಾರ, ಕಂಡರಿಸಿದ ರೂವಾರಿ ಇವರ ಹೆಸರುಗಳು ಬೇರೆಬೇರೆಯಾಗಿ ದಾಖಲಾಗಿರುವ ನಿದರ್ಶನಗಳು ಸಾಕಷ್ಟಿವೆ. ಬೇಲೂರಿನ ವಿಗ್ರಹಗಳಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ತಮ್ಮ ಹೆಸರುಗಳನ್ನು ಬಿಟ್ಟುಹೋಗಿದ್ದಾರೆ. ಮಲ್ಲಿತಮ್ಮನ ಹೆಸರು ಹಲವು ಹೊಯ್ಸಳ ದೇಗುಲಗಳಲ್ಲಿ ದೊರೆಯುತ್ತದೆ. ಓಲೆಗರಿಯ ಪ್ರತಿಗಳ ಕೊನೆಯಲ್ಲಿ ಪ್ರತಿಕಾರನು ತನ್ನ ಹೆಸರು ಹೇಳಿ ತಪ್ಪಿದ್ದರೆ ತಿದ್ದಿಕೊಳ್ಳುವಂತೆ ಬೇಡುವುದುಂಟು. ಎಂ.ವಿ. ಸೀತಾರಾಮಯ್ಯನವರು ಸ್ಥಾಪಿಸಿದ, ಎನ್.ಆರ್. ಕಾಲೋನಿಯ ಬಿ.ಎಂ.ಶ್ರೀ. ಪ್ರತಿಷ್ಠಾನದಲ್ಲಿ ಹಸ್ತಪ್ರತಿಗಳನ್ನು ಪರಿಶೀಲಿಸುವವರು ಮೊದಲು ಹುಡುಕುವುದೇ ಈ ಪುಷ್ಪಿಕೆಯನ್ನು. ಸೀತಾರಾಮಯ್ಯನವರು ಕವಿಯೂ ವಿದ್ವಾಂಸರೂ ಆಗಿದ್ದಂತೆ ಚಿತ್ರಕಾರರೂ ಆಗಿದ್ದರೆಂಬುದು ಇಲ್ಲಿ ನೆನೆಯತಕ್ಕದ್ದು. ಗ್ರಂಥಸಂಪಾದನೆ ಕಲಿಸಿದ ಈ ಎಚ್ಚರ ಕಲಾವಿಮರ್ಶೆಗೆ ದಾಟಿಬರಲಿಲ್ಲ. ಕನ್ನಡದ ಮುದ್ರಣಚಿತ್ರ ವಿಮರ್ಶೆ ವಸ್ತು, ಸಂಯೋಜನೆ, ಸಂಕೇತಗಳ ಬಗ್ಗೆ ವಿಪುಲವಾಗಿ ಬರೆದಿದೆ. ಯಾವ ಮರ, ಯಾವ ಕಾಗದ, ಯಾರ ಕೈ ಎಂದು ಕೇಳಿದ್ದು ಕಡಿಮೆ.

ವಿದ್ಯೆಯ ಹಂಚಿಕೆಗೆಂದು ಅಕಾಡೆಮಿಗಳು, ಕಲಾಶಾಲೆಗಳು ನಡೆಸುವ ಶಿಬಿರಗಳನ್ನು ಈ ಹಿನ್ನೆಲೆಯಲ್ಲಿ ಪರೀಕ್ಷಿಸಬೇಕು. ಐದು ದಿನಗಳ ಶಿಬಿರದಲ್ಲಿ ಆಹ್ವಾನಿತ ಕಲಾವಿದರು ತಲಾ ಒಂದೆರಡು ಕೃತಿಗಳನ್ನು ಮುಗಿಸಿ ಸಂಗ್ರಹಕ್ಕೆ ಒಪ್ಪಿಸಬೇಕೆಂಬ ಕಟ್ಟಳೆ ಎಣ್ಣೆಮಸಿಯ ಅಚ್ಚಿಗೆ ಹೇಗೋ ಹೊಂದೀತು. ನೀರಿನ ಅಚ್ಚಿನಲ್ಲಿ ಮೊದಲ ಐದು ದಿನ ಹಾಳಾಗುವ ಹಾಳೆಗಳದ್ದು. ಬೆಂಗಳೂರಿನ ಚೈತ್ರದ ಒಣಗಾಳಿಯಲ್ಲಿ ಫಲಕದ ಬಣ್ಣ ಬೇಗನೆ ಆರುತ್ತದೆ. ಆಷಾಢದ ತಂಪಿನಲ್ಲಿ ಅದೇ ಹಾಳೆ ಬೂಸಲಿಗೆ ತುತ್ತಾಗಬಹುದು. ಅಂಟಿನ ಪ್ರಮಾಣ, ಹಾಳೆ ನೆನೆಸುವ ಹೊತ್ತು ಎಲ್ಲವನ್ನೂ ಇಲ್ಲಿನ ಋತುಗಳಿಗೆ ಒಪ್ಪುವಂತೆ ಮರುಕಂಡುಕೊಳ್ಳಬೇಕು. ಕೃತಿಯ ಲೆಕ್ಕ ಕೇಳುವ ಶಿಬಿರಕ್ಕೆ ಈ ಸೋಲುಗಳನ್ನು ಭರಿಸುವ ತಾಳ್ಮೆಯಿಲ್ಲ. ಫಲಿತವಾಗಿ ಅಲೆ, ಮೋಡ, ಪರ್ವತಗಳ ಜಪಾನಿ ಭಂಗಿಗಳು ಅನುಕರಣೆಗೆ ಸಿಗುತ್ತವೆ, ವಿದ್ಯೆ ಸಿಗದು. ಓಡ್ಜು ದಂಪತಿಗಳು ಐದು ದಿನಕ್ಕಾಗಿ ಬಂದಿದ್ದರೆ ಒಂದು ಗೂಡನ್ನೂ ತೋರಿಸಲಾಗುತ್ತಿರಲಿಲ್ಲ.

ಸಾಮಗ್ರಿಯ ಪ್ರಶ್ನೆಯೂ ಅಷ್ಟೇ ಗಂಭೀರವಾದದ್ದು. ಜಪಾನಿನಲ್ಲಿ ಕೆತ್ತನೆಗೆ ಕಾಡು ಚೆರ್ರಿಯ ಮರವನ್ನು ಉದ್ದನೆಯ ಎಳೆಗೆ ಕೊಯ್ದ ಹಲಗೆ ಶ್ರೇಷ್ಠ. ಇಲ್ಲಿ ಸುಲಭವಾಗಿ ದೊರೆಯುವ ತೇಗದ ಎಳೆ ಒರಟು, ಸೂಕ್ಷ್ಮ ಗೆರೆ ನಿಲ್ಲದು. ಚನ್ನಪಟ್ಟಣದ ಬೊಂಬೆ ಕಸುಬಿನವರು ಬಳಸುವ ಆಲೆಮರ ನಯವಾದ, ಒತ್ತಾದ ಎಳೆಯುಳ್ಳದ್ದು. ಆ ಊರಿನ ಅರಗಿನ ಕೆಲಸಕ್ಕೆ ಜಪಾನಿ ಕ್ರಮವನ್ನು ಅಳವಡಿಸಿದ ಕೀರ್ತಿ ಬವಾಸ್ ಮಿಯಾನ್ ಅವರಿಗೆ ಸಲ್ಲುತ್ತದೆ. ಪರದೇಶದ ಉಪಾಯ ಸ್ಥಳೀಯ ಮರವನ್ನು ಕಂಡುಕೊಂಡು ಕಸುಬಾಗಿ ಬೇರೂರಿದ್ದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ. ಆಲೆಯ ಹಲಗೆ ನೀರಿಗೆ ಎಷ್ಟು ಹಿಗ್ಗುತ್ತದೆ, ಎಷ್ಟು ಪ್ರತಿಗಳವರೆಗೆ ಅಂಚು ಮೊಂಡಾಗದು ಎಂಬುದನ್ನು ಕಲಾವಿದರೂ ಬಡಗಿಗಳೂ ಜೊತೆಗೆ ಕೂತು ನೋಡಬೇಕಾದ ಕೆಲಸ.

ಇಂತಹ ಪ್ರಯೋಗಗಳು ನಡೆದಾಗಲೂ ಅವುಗಳ ದಾಖಲೆ ಉಳಿಯುವುದು ಪ್ರದರ್ಶನದ ಪಟ್ಟಿಗಳಲ್ಲಿ. ಆ ಪಟ್ಟಿಗಳಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ ಇಷ್ಟಕ್ಕೇ ಅಂಕಣಗಳಿರುತ್ತವೆ; ಮಾಧ್ಯಮದ ಎದುರು ‘ಉಡ್‌ಕಟ್’ ಎಂಬ ಒಂದೇ ಪದ. ಎಣ್ಣೆಮಸಿಯೋ ನೀರುಬಣ್ಣವೋ, ಹಲಗೆ ಯಾವುದು, ಕಾಗದ ಎಲ್ಲಿಯದು, ಕೆತ್ತಿದವರು ಯಾರು, ಅಚ್ಚುಹಾಕಿದವರು ಯಾರು ಎಂಬ ವಿವರಗಳಿಗೆ ಅಲ್ಲಿ ಸ್ಥಳವಿಲ್ಲ. ಗ್ರಂಥಾಲಯಗಳೂ ಅಕಾಡೆಮಿಯ ಸಂಗ್ರಹಾಲಯವೂ ಇನ್ನು ಮುಂದೆ ಸಿದ್ಧಪಡಿಸುವ ಸೂಚಿಗಳಲ್ಲಿ ಈ ಐದು ಅಂಕಣಗಳನ್ನು ಸೇರಿಸಲು ಪ್ರತ್ಯೇಕ ಅನುದಾನ ಬೇಕಾಗದು. ಈಗಾಗಲೇ ಸಂಗ್ರಹದಲ್ಲಿರುವ ಹಾಳೆಗಳನ್ನು ಚೌಕಟ್ಟಿನಿಂದ ಬಿಡಿಸಿ, ಮಗುಚಿ, ಬೆನ್ನನ್ನು ಪರೀಕ್ಷಿಸುವುದರಿಂದ ಆ ಕೆಲಸವನ್ನು ಆರಂಭಿಸಬಹುದು.